ಶ್ರೀಶೈಲ ಪಾದಯಾತ್ರೆ: ಭೀಮನಕೊಳ್ಳ ದಾಟುವ ದಿನಕ್ಕೆ ಸಿದ್ಧರಾಗುವುದು ಹೇಗೆ?

ಹೋಳಿ ಹುಣ್ಣಿಮೆ ಹತ್ತಿರವಾದಂತೆ ಯುಗಾದಿಯ ಶ್ರೀಶೈಲ ಪಾದಯಾತ್ರೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಆಗಿರುತ್ತವೆ. ಕಾಡಿನ ದಾರಿಗೆ ಎಷ್ಟು ಹೊತ್ತು ಬೇಕು? ಅರವತ್ತು ದಾಟಿದ ಅವ್ವ ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ, ಕರೆದುಕೊಂಡು ಹೋಗಬಹುದೇ? ಬರಿಗಾಲಲ್ಲಿ ಆಗುತ್ತದೆಯೇ? ನೀರು ಎಲ್ಲೆಲ್ಲಿ ಸಿಗುತ್ತದೆ? ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಿಮ್ಮ ತಂಡದವರ ಜೊತೆ ಕುಳಿತು ಓದಿಕೊಳ್ಳಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ದರ್ಶನಕ್ಕೆ ನಡೆದು ಹೋಗುವವರಿಗೆ ಡಾಂಬರು ರಸ್ತೆಯ ಪಯಣ ಹೊಸದಲ್ಲ. ದೂರ ಹೆಚ್ಚು, ಬಿಸಿಲೂ ಹೆಚ್ಚು. ಆದರೆ ದಾರಿಯುದ್ದಕ್ಕೂ ದಾಸೋಹದ ಪೆಂಡಾಲುಗಳಿವೆ, ಮಜ್ಜಿಗೆ ಕೊಡುವ ಕೈಗಳಿವೆ, ಕಾಲು ಸೋತರೆ ಹತ್ತಿಕೊಳ್ಳಲು ಹಿಂದೆ ಟ್ರ್ಯಾಕ್ಟರ್ ಇದೆ. ಕರ್ನೂಲು, ನಂದಿಕೋಟ್ಕೂರು, ಆತ್ಮಕೂರು ದಾಟಿ ವೆಂಕಟಾಪುರ ಮುಟ್ಟಿದ ಮೇಲೆ ಈ ಅನುಕೂಲಗಳೆಲ್ಲ ಒಂದೊಂದಾಗಿ ಹಿಂದೆ ಉಳಿಯುತ್ತವೆ. ಅಲ್ಲಿಂದ ನಲ್ಲಮಲ ಬೆಟ್ಟಸಾಲು. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು ಎಂಬ ಕೆರೆ, ಭೀಮನಕೊಳ್ಳ, ಕೈಲಾಸದ್ವಾರ, ಹಾಟಕೇಶ್ವರ, ಸಾಕ್ಷಿ ಗಣಪತಿ, ಆಮೇಲೆ ಶ್ರೀಶೈಲ. ಎಲ್ಲ ಸೇರಿ ನಲವತ್ತು ಕಿಲೋಮೀಟರಿನ ಆಸುಪಾಸು. ಹೆಚ್ಚಿನವರು ಇದನ್ನು ಎರಡು ದಿನದಲ್ಲಿ ಮುಗಿಸುತ್ತಾರೆ: ಮೊದಲ ದಿನ ಪೆದ್ದಚೆರುವು, ಎರಡನೇ ದಿನ ಕೊಳ್ಳ ದಾಟಿ ಶ್ರೀಶೈಲ. ಈ ಲೇಖನ ಆ ಎರಡನೇ ದಿನದ ಬಗ್ಗೆ.

ಬೇರೇನು ಮರೆತರೂ ಒಂದು ಮಾತು ನೆನಪಿರಲಿ. ರಸ್ತೆಯ ಲೆಕ್ಕವನ್ನು ಕಾಡಿಗೆ ತರಬೇಡಿ. ಹತ್ತು ದಿನದಿಂದ ಗಂಟೆಗೆ ಐದು ಕಿಲೋಮೀಟರ್ ನಡೆದ ಹುಮ್ಮಸ್ಸಿನಲ್ಲಿ "ಇನ್ನೇನು, ಮಧ್ಯಾಹ್ನದೊಳಗೆ ಮುಟ್ಟುತ್ತೇವೆ" ಎನ್ನುವವರೇ ಕೊಳ್ಳದಲ್ಲಿ ಕುಸಿದು ಕೂರುವುದು. ಇಲ್ಲಿ ಕಿಲೋಮೀಟರ್ ಎಣಿಸಿ ಪ್ರಯೋಜನವಿಲ್ಲ. ಬಿಸಿಲು ಏರುವ ಮೊದಲು ಕೊಳ್ಳದ ಯಾವ ಬದಿಯಲ್ಲಿದ್ದೀರಿ ಎನ್ನುವುದೇ ಮುಖ್ಯ.

ಊರು ಬಿಡುವ ಮೊದಲು

ಈ ದಾರಿ ವರ್ಷವಿಡೀ ತೆರೆದಿರುವುದಿಲ್ಲ. ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ವಿಸ್ತೀರ್ಣದಲ್ಲಿ ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲೇ ದೊಡ್ಡದು. ಪಾದಯಾತ್ರಿಗಳಿಗೆ ಕಾಡು ತೆರೆಯುವುದು ಮಹಾಶಿವರಾತ್ರಿ ಮತ್ತು ಯುಗಾದಿಯ ಸಮಯದಲ್ಲಿ, ಅದೂ ಅರಣ್ಯ ಇಲಾಖೆ ನಿಗದಿ ಮಾಡಿದ ದಿನಗಳಲ್ಲಿ ಮಾತ್ರ. ಎಂದು ತೆರೆಯುತ್ತದೆ, ಎಂದು ಮುಚ್ಚುತ್ತದೆ ಎಂಬುದನ್ನು ದೇವಸ್ಥಾನದ ಪ್ರಕಟಣೆಯಿಂದ ಮೊದಲೇ ತಿಳಿದುಕೊಂಡು, ಆ ಲೆಕ್ಕದಲ್ಲಿ ಊರು ಬಿಡುವ ದಿನ ಗೊತ್ತುಮಾಡಿ. ತಡವಾಗಿ ಬಂದು, ಕಾವಲಿನವರ ಕಣ್ಣು ತಪ್ಪಿಸಿ ನುಗ್ಗಬಹುದು ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ನೀರಿನ ವ್ಯವಸ್ಥೆ ತೆಗೆದ ಮೇಲೆ ಆ ಕಾಡಿನಲ್ಲಿ ಒಂದು ಮಧ್ಯಾಹ್ನ ಕಳೆಯುವುದೂ ಅಪಾಯ.

ಇನ್ನು ಯಾರು ಬರಬಹುದು, ಯಾರು ಬರಬಾರದು. ಹೃದಯದ ಕಾಯಿಲೆ ಇದ್ದವರು, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಳ್ಳುವವರು ಕೊಳ್ಳಕ್ಕೆ ಇಳಿಯುವುದು ಬೇಡ. ಅವರು ಆತ್ಮಕೂರಿನಿಂದ ದೋರ್ನಾಲ ಮಾರ್ಗದ ಬಸ್ಸಿನಲ್ಲಿ ಶ್ರೀಶೈಲಕ್ಕೆ ಹೋಗಲಿ. ಶ್ರೀಶೈಲದ ಕಡೆಯಿಂದ ಕೈಲಾಸದ್ವಾರಕ್ಕೆ ವಾಹನ ಬರುವ ಕಚ್ಚಾ ದಾರಿ ಇದೆ. ಆ ವರ್ಷ ವಾಹನ ಬಿಡುತ್ತಾರೆಯೇ ಎಂದು ಕೇಳಿಕೊಂಡು ಅವ್ವನನ್ನು ಅಲ್ಲಿಗೆ ಕರೆತಂದರೆ, ನೀವು ಕೊಳ್ಳ ಹತ್ತಿ ಬಂದ ಮೇಲೆ ಕೊನೆಯ ದಾರಿಯನ್ನು ಒಟ್ಟಿಗೆ ನಡೆಯಬಹುದು. ಹರಕೆ ಮುರಿಯಿತೇ ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ಹತ್ತು ದಿನ ನಡೆದು ಬಂದವರ ಭಕ್ತಿಯನ್ನು ಮಲ್ಲಯ್ಯ ಒಂದು ಕೊಳ್ಳದಿಂದ ಅಳೆಯುವುದಿಲ್ಲ ಎಂದು ನೀವೇ ಅವರಿಗೆ ಸಮಾಧಾನ ಹೇಳಬೇಕು.

ಅಭ್ಯಾಸ ಮಾಡುವವರು ಬರೀ ದೂರ ನಡೆಯುತ್ತಾರೆ. ಅದು ಸಾಲದು. ಇಳಿಯುವುದನ್ನು ಅಭ್ಯಾಸ ಮಾಡಿ. ಕೊಪ್ಪಳದ ಕಡೆಯವರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲಿರುವ ಅಂಜನಾದ್ರಿ ಹತ್ತಿರದಲ್ಲೇ ಇದೆ. ಉಳಿದವರು ತಮ್ಮೂರಿನ ಗುಡ್ಡವನ್ನೋ ಗುಡಿಯ ಮೆಟ್ಟಿಲನ್ನೋ ಹುಡುಕಿಕೊಳ್ಳಲಿ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ತೊಡೆಯ ಕೆಲಸ. ತೊಡೆಗೆ ರೂಢಿ ಇಲ್ಲದಿದ್ದರೆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ.

ಚೀಲದಲ್ಲಿ ಏನಿರಬೇಕು

ಕಾಡಿನ ಎರಡು ದಿನಕ್ಕೆ ಬೇಕಾದಷ್ಟನ್ನೇ ಒಂದು ಬೆನ್ನುಚೀಲಕ್ಕೆ ಹಾಕಿ. ಉಳಿದ ಗಂಟನ್ನು ಶ್ರೀಶೈಲಕ್ಕೆ ಸುತ್ತು ರಸ್ತೆಯಲ್ಲಿ ಹೋಗುವ ನಿಮ್ಮ ತಂಡದ ವಾಹನದಲ್ಲಿ ಕಳಿಸಿಬಿಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಟಾಣಿ, ಬೆಲ್ಲ, ಶೇಂಗಾ ಉಂಡೆ ಇದ್ದರೆ ಒಂದು ದಿನ ಧಾರಾಳವಾಗಿ ಸಾಗುತ್ತದೆ, ಕೆಡುವ ಭಯವೂ ಇಲ್ಲ. ಎರಡರಿಂದ ಮೂರು ಲೀಟರ್ ನೀರು ಹಿಡಿಯುವ ಸ್ಟೀಲ್ ಬಾಟಲಿಗಳಿರಲಿ. ಮತ್ತೆ ಮತ್ತೆ ಬಳಸುವ ಗಟ್ಟಿ ಬಾಟಲಿಯೂ ಆದೀತು. ಎಸೆಯುವ ಪ್ಲಾಸ್ಟಿಕ್ ಬಾಟಲಿ ಮತ್ತು ಚೀಲಗಳಿಗೆ ಈ ಕಾಡಿನಲ್ಲಿ ಅವಕಾಶವಿಲ್ಲ.

ಓ.ಆರ್.ಎಸ್. ಪೊಟ್ಟಣ ನಾಲ್ಕಾದರೂ ಬೇಕು. ಬೆವರಿನಲ್ಲಿ ಹೋದ ಉಪ್ಪಿನಂಶವನ್ನು ದೇಹಕ್ಕೆ ಮರಳಿಸುವ ಪುಡಿ ಇದು, ಎಲ್ಲ ಔಷಧ ಅಂಗಡಿಗಳಲ್ಲೂ ಸಿಗುತ್ತದೆ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿಕೊಳ್ಳಿ. ಉಪ್ಪಿನ ಅಳತೆ ಮೀರಬಾರದು. ಇದಲ್ಲದೆ ತಲೆಗೆ ದೊಡ್ಡ ಹತ್ತಿ ಟವೆಲ್, ಅಂಟುಪಟ್ಟಿ, ದಿನವೂ ನುಂಗುವ ಮಾತ್ರೆಗಳು, ಒಂದು ಟಾರ್ಚ್. ಯುಗಾದಿ ಬರುವುದು ಅಮಾವಾಸ್ಯೆಯ ಮಾರನೆಯ ದಿನ. ಹಾಗಾಗಿ ನೀವು ಕಾಡಿನಲ್ಲಿರುವ ರಾತ್ರಿಗಳಲ್ಲಿ ಬೆಳದಿಂಗಳು ಇರುವುದಿಲ್ಲ. ಮೊಬೈಲಿನ ಬೆಳಕನ್ನು ನಂಬಿದರೆ ಮಧ್ಯರಾತ್ರಿಗೇ ಬ್ಯಾಟರಿ ಮುಗಿದಿರುತ್ತದೆ.

ಬಿದಿರಿನ ಕೋಲು ಕಡ್ಡಾಯ ಎಂದೇ ತಿಳಿಯಿರಿ. ನೆಲಕ್ಕೆ ಊರಿ ನಿಂತಾಗ ನಿಮ್ಮ ಎದೆಯ ಮಟ್ಟಕ್ಕೆ ಬರಬೇಕು. ಮೊಣಕೈ ಎತ್ತರದ ಕೋಲು ಸಮತಟ್ಟಿನಲ್ಲಿ ಚೆನ್ನ, ಇಳಿಜಾರಿನಲ್ಲಿ ಕೆಳಗಿನ ಮೆಟ್ಟಿಲಿಗೆ ಎಟುಕುವುದಿಲ್ಲ.

1. ಹಿಂದಿನ ರಾತ್ರಿ, ಪೆದ್ದಚೆರುವಿನಲ್ಲಿ

ಕತ್ತಲಾಗುವ ಮೊದಲೇ ತಲುಪಿ, ಜನ ಇಳಿದುಕೊಂಡಿರುವ ಕಡೆಯೇ ಮಲಗಿ. ನೀರಿನ ಅಂಚಿನಿಂದ ದೂರವಿರಿ. ಬೇಸಿಗೆಯಲ್ಲಿ ಆ ಕೆರೆಗೆ ಬರುವವರು ನೀವೊಬ್ಬರೇ ಅಲ್ಲ. ಚಿರತೆ, ಕರಡಿಗಳಿಗೂ ಅದೇ ನೀರು.

ಮಲಗುವ ಮುನ್ನ ಅಂಗಾಲುಗಳನ್ನು ಟಾರ್ಚ್ ಹಾಕಿ ನೋಡಿಕೊಳ್ಳಿ. ಗುಳ್ಳೆ ಎದ್ದಿದ್ದರೆ ಸೂಜಿಗೆ ದಾರ ಪೋಣಿಸಿ ಗುಳ್ಳೆಯ ಒಳಗೆ ಬಿಡುವ ಪದ್ಧತಿ ನಮ್ಮ ಪಾದಯಾತ್ರಿಗಳಲ್ಲಿದೆ. ದಯವಿಟ್ಟು ಬೇಡ. ಆ ದಾರದ ಗುಂಟ ಧೂಳು, ಕೊಳೆ ಒಳಗೆ ಇಳಿದು ಕೀವಾಗುತ್ತದೆ. ಗುಳ್ಳೆಯನ್ನು ಒಡೆಯದೆ, ತೊಳೆದು ಒರೆಸಿ, ಮೇಲೆ ಅಂಟುಪಟ್ಟಿ ಹಾಕಿ. ಸಕ್ಕರೆ ಕಾಯಿಲೆ ಇದ್ದವರಿಗೆ ಅಂಗಾಲಿನ ಸ್ಪರ್ಶಜ್ಞಾನ ಕಡಿಮೆ ಇರಬಹುದು, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಅವರ ಕಾಲನ್ನು ಬೇರೆಯವರು ನೋಡಬೇಕು.

ತಂಡದವರೆಲ್ಲ ಸೇರಿ ಮರುದಿನದ ಎರಡು ಕೂಡುವ ಜಾಗಗಳನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಒಂದು ಕೈಲಾಸದ್ವಾರ, ಇನ್ನೊಂದು ಸಾಕ್ಷಿ ಗಣಪತಿ ಗುಡಿ. ಕೊಳ್ಳದ ಆಸುಪಾಸಿನಲ್ಲಿ ಫೋನ್ ಸಿಗುತ್ತದೆಂದು ಎಣಿಸಬೇಡಿ.

2. ಹೊರಡುವ ಹೊತ್ತು

ನಸುಕು ಹರಿದು ದಾರಿಯ ಕಲ್ಲು ಕಣ್ಣಿಗೆ ಕಾಣುವಂತಾದ ಕೂಡಲೇ ಹೊರಡಿ. ಅದಕ್ಕಿಂತ ಮೊದಲು ಬೇಡ, ಅದಕ್ಕಿಂತ ತಡವೂ ಬೇಡ. ತಂಪಿಗೆಂದು ನಡುರಾತ್ರಿ ಎದ್ದು ನಡೆಯುವ ತಂಡಗಳಿವೆ. ಕರಡಿ ಓಡಾಡುವ ಹೊತ್ತು ಅದು. ಸಡಿಲ ಕಲ್ಲಿನ ಮೇಲೆ ಕಾಲು ಉಳುಕುವುದೂ ಆಗಲೇ. ಐದಾರು ಮಂದಿ ಒಟ್ಟಿಗಿರಿ, ಮಾತಾಡುತ್ತ ನಡೆಯಿರಿ. ಮನುಷ್ಯರ ಸದ್ದು ಕೇಳಿದರೆ ಕರಡಿ ತಾನಾಗಿ ದೂರ ಸರಿಯುತ್ತದೆ.

ಹೊರಡುವಾಗ ಹೊಟ್ಟೆ ತುಂಬ ತಿನ್ನಬೇಡಿ. ಒಂದು ರೊಟ್ಟಿ, ಒಂದು ತುಂಡು ಬೆಲ್ಲ, ಅರ್ಧ ಲೀಟರ್ ನೀರು ಸಾಕು. ಬಾಟಲಿಗಳನ್ನು ಮಾತ್ರ ಕಂಠಮಟ್ಟ ತುಂಬಿಕೊಳ್ಳಿ. ಮುಂದೆ ಕೊಳ್ಳದೊಳಗೆ ವಾಹನ ಇಳಿಯುವ ದಾರಿಯಿಲ್ಲ, ಟ್ಯಾಂಕರ್ ಬರುವುದಿಲ್ಲ.

3. ಕೊಳ್ಳದ ಅಂಚಿನವರೆಗೆ

ಈ ಭಾಗದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಏರಿಳಿತದ ಕಾಡುದಾರಿ, ಎಲೆ ಉದುರಿದ ಮರಗಳು, ಬಿದಿರು ಮೆಳೆ. ನೆರಳು ಇದ್ದಂತೆ ಕಂಡರೂ ಇರುವುದಿಲ್ಲ. ತಲೆಗೆ ಟವೆಲ್ ಈಗಲೇ ಸುತ್ತಿಕೊಳ್ಳಿ. ಅಡ್ಡದಾರಿ ಹಿಡಿಯಬೇಡಿ. ದನದ ಜಾಡು, ಕಾಡುಪ್ರಾಣಿಗಳ ಜಾಡು ಎಲ್ಲವೂ ದಾರಿಯಂತೆಯೇ ಕಾಣುತ್ತವೆ. ಮುಂದಿನವರ ಬೆನ್ನು ಕಾಣದಿದ್ದರೆ ನಿಂತು, ಹಿಂದಿನವರಿಗಾಗಿ ಕಾಯಿರಿ.

ಬೀಡಿ ಸೇದುವವರು ಈ ಒಂದು ದಿನ ತಡೆದುಕೊಳ್ಳಬೇಕು. ಒಣಗಿದ ತರಗೆಲೆಯ ಮೇಲೆ ಬಿದ್ದ ಒಂದು ಕಿಡಿಗೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಕಂಡ ಕಂಡ ಕಲ್ಲಿನ ಮುಂದೆ ಕರ್ಪೂರ ಹಚ್ಚುವವರಿಗೂ ಇದೇ ಮಾತು.

4. ಇಳಿಯುವುದು

ಇಡೀ ದಿನದ ಕಷ್ಟ ಇಲ್ಲಿದೆ. ಹತ್ತುವುದೇ ಕಷ್ಟವೆಂದು ಎಲ್ಲರೂ ಹೆದರುತ್ತಾರೆ, ಇಳಿಯುವುದನ್ನು ಹಗುರವಾಗಿ ಎಣಿಸುತ್ತಾರೆ. ಪೆಟ್ಟು ಬೀಳುವುದು ಇಳಿಯುವಾಗಲೇ.

ಅಂಚಿನಲ್ಲಿ ಹತ್ತು ನಿಮಿಷ ಕುಳಿತು ಉಸಿರು ಹದಕ್ಕೆ ತನ್ನಿ. ಬೂಟಿನ ದಾರವನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ. ಸಡಿಲ ಇದ್ದರೆ ಪಾದ ಮುಂದಕ್ಕೆ ಜಾರಿ ಉಗುರುಗಳು ಬೂಟಿಗೆ ಬಡಿದು ಕಪ್ಪಾಗುತ್ತವೆ. ಹೊಸ ಬೂಟು ಈ ಯಾತ್ರೆಗೆ ತರಲೇಬಾರದು. ಸವೆದು ಕಾಲಿಗೆ ಒಗ್ಗಿದ ಬೂಟಿರಬೇಕು, ಅಟ್ಟೆ ಮಾತ್ರ ನುಣ್ಣಗಾಗಿರಬಾರದು. ಸೀರೆಯಲ್ಲಿ ನಡೆಯುವವರು ಇಲ್ಲಿ ಕಚ್ಚೆ ಹಾಕಿಕೊಳ್ಳಿ ಅಥವಾ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನ ಹಿಮ್ಮಡಿ ನೆರಿಗೆಯ ತುದಿಯನ್ನು ತುಳಿದಿರುತ್ತದೆ. ಮುಂದಿನ ಹೆಜ್ಜೆ ಎತ್ತಿದ ಕೂಡಲೇ ಮೈ ಮುಗ್ಗರಿಸುತ್ತದೆ.

ಇಳಿಯುವ ಕ್ರಮ ಹೀಗೆ. ಮೊದಲು ಕೋಲನ್ನು ಕೆಳಗಿನ ಕಲ್ಲಿಗೆ ಊರಿ, ಅದು ಅಲುಗುವುದಿಲ್ಲ ಎಂದು ಖಚಿತವಾದ ಮೇಲೆ ಕಾಲು ಇಡಿ. ಮಂಡಿಯನ್ನು ನೆಟ್ಟಗೆ ಸೆಟೆಸದೆ ತುಸು ಬಾಗಿಸಿಕೊಂಡಿರಿ. ಎತ್ತರದ ಮೆಟ್ಟಿಲಾದರೆ ಮೈಯನ್ನು ಅಡ್ಡ ತಿರುಗಿಸಿ ಒಂದೊಂದೇ ಕಾಲು ಇಳಿಸಿ. ತೀರಾ ಎತ್ತರವಿದ್ದರೆ ಕುಳಿತು ಇಳಿಯಿರಿ, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಲ್ಲಿನ ಮೇಲೆ ಉದುರಿದ ಸಣ್ಣ ಹರಳು, ತರಗೆಲೆಗಳು ಒದ್ದೆ ಪಾಚಿಯಷ್ಟೇ ಜಾರುತ್ತವೆ. ಮೆಟ್ಟಿಲಿನ ಸವೆದ ನಡುಭಾಗ ಬಿಟ್ಟು ಒರಟಾದ ಬದಿಯಲ್ಲಿ ಕಾಲಿಡಿ.

ಕಂಬಿ ಹೊತ್ತವರು ಬಂದರೆ ದಾರಿ ಬಿಡಿ. ಊರಿನ ಪರವಾಗಿ ಮಲ್ಲಯ್ಯನಿಗೆ ಹೊತ್ತೊಯ್ಯುವ ಅಲಂಕರಿಸಿದ ಕಾವಡಿಯೇ ಕಂಬಿ. ಅದನ್ನು ಹೊತ್ತವರಿಗೆ ಇಳಿಜಾರಿನಲ್ಲಿ ತಟ್ಟನೆ ನಿಲ್ಲಲು ಆಗುವುದಿಲ್ಲ. ದಾರಿ ಬಿಡುವಾಗ ಯಾವಾಗಲೂ ಗುಡ್ಡದ ಬದಿಗೆ ಒತ್ತಿ ನಿಲ್ಲಿ, ಕಣಿವೆಯ ಬದಿಗೆ ಸರಿಯಬೇಡಿ. ನಿಮ್ಮ ಕಾಲಿನಿಂದ ಕಲ್ಲು ಉರುಳಿದರೆ "ಕಲ್ಲು, ಕಲ್ಲು" ಎಂದು ಜೋರಾಗಿ ಕೂಗಿ ಕೆಳಗಿನವರನ್ನು ಎಚ್ಚರಿಸಿ.

ಬರಿಗಾಲಿನ ಹರಕೆ ಹೊತ್ತವರಿಗೆ ಒಂದು ಮಾತು. ಬೆಳಗಿನ ತಂಪಿನಲ್ಲಿ ಬರಿಗಾಲು ಕಲ್ಲಿನ ಮೇಲೆ ಒಳ್ಳೆಯ ಹಿಡಿತ ಕೊಡುತ್ತದೆ. ಬಿಸಿಲೇರಿದ ಮೇಲೆ ಅದೇ ಕಲ್ಲು ಅಂಗಾಲಿನ ಚರ್ಮ ಸುಡುತ್ತದೆ. ನೀವಾದರೂ ಎಲ್ಲರಿಗಿಂತ ಮೊದಲು ಕೊಳ್ಳಕ್ಕೆ ಇಳಿಯಿರಿ. ಪಾದಕ್ಕೆ ಸುತ್ತಲು ದಪ್ಪ ಹತ್ತಿಬಟ್ಟೆ ಜೊತೆಗಿರಲಿ.

5. ಕೊಳ್ಳದ ತಳದಲ್ಲಿ

ಎರಡೂ ಕಡೆ ಕಡಿದಾದ ಬಂಡೆ, ನಡುವೆ ತಂಪು. ಆಯಾಸಗೊಂಡ ಮೈಗೆ ಇಲ್ಲೇ ಮಲಗಿಬಿಡೋಣ ಎನ್ನಿಸುತ್ತದೆ. ವಿಶ್ರಾಂತಿ ತೆಗೆದುಕೊಳ್ಳಿ, ತಿನ್ನಿ, ಕಾಲು ಚಾಚಿ. ಆದರೆ ಹೊತ್ತು ಇನ್ನೂ ತಂಪಾಗಿದ್ದರೆ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ತಡವಾಗಿ ಬಂದು ಬಿಸಿಲು ನೆತ್ತಿಗೇರಿದ್ದರೆ ಮಾತು ಬೇರೆ. ಆಗ ನೆರಳಿರುವ ಕಡೆಯೇ ಉಳಿದು, ಇಳಿಹೊತ್ತಿಗೆ ಹತ್ತಿ. ನಡುಮಧ್ಯಾಹ್ನ ಆ ಮೆಟ್ಟಿಲು ಹತ್ತುವ ಹಟ ಬೇಡ.

ಕೊಳದಲ್ಲಿ ನಿಂತ ನೀರನ್ನು ಹಾಗೆಯೇ ಕುಡಿಯಬೇಡಿ. ಸಾವಿರಾರು ಜನ ಕೈಕಾಲು ತೊಳೆದ ನೀರು ಅದು. ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ ತಂದಿದ್ದರೆ ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಕುಡಿಯಿರಿ. ಇಲ್ಲವಾದರೆ ಟವೆಲ್ ಒದ್ದೆ ಮಾಡಿಕೊಳ್ಳಲಷ್ಟೇ ಬಳಸಿ. ಸೋಪು, ಶಾಂಪೂ ಹಚ್ಚಿ ಮೀಯಬೇಡಿ. ಬೇಸಿಗೆಯಲ್ಲಿ ಸುತ್ತಲಿನ ಪ್ರಾಣಿ ಪಕ್ಷಿಗಳಿಗೆ ಉಳಿದಿರುವ ನೀರು ಅದಷ್ಟೇ. ಬಂಡೆಯ ಕೆಳಗೆ ಜೇನುಹುಟ್ಟು ಕಂಡರೆ ಸದ್ದಿಲ್ಲದೆ ದೂರ ಸರಿಯಿರಿ, ಅಲ್ಲಿ ಊದುಬತ್ತಿ ಹಚ್ಚುವ ಮಾತೇ ಬೇಡ.

6. ಕೈಲಾಸದ್ವಾರಕ್ಕೆ ಹತ್ತುವುದು

ಮುಂದೆ ನೂರಾರು ಕಲ್ಲುಮೆಟ್ಟಿಲು. 14ನೇ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿಗೆ ಪಾತ್ರನಾದವನು. ಈ ಬೆಟ್ಟದಲ್ಲಿ ಕಲ್ಲು ಹೊತ್ತವರ ಶ್ರಮವನ್ನು ನೆನೆದರೆ ನಮ್ಮ ಚೀಲದ ಭಾರ ದೊಡ್ಡದೆನ್ನಿಸುವುದಿಲ್ಲ.

ಹತ್ತುವಾಗ ವೇಗಕ್ಕೆ ಒಂದೇ ಅಳತೆ: ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ನಿಧಾನಿಸಿ. ನಲವತ್ತು ಮೆಟ್ಟಿಲಿಗೊಮ್ಮೆ ನಿಂತು ಎರಡು ಗುಟುಕು ನೀರು ಕುಡಿಯಿರಿ. ಕೂರಬೇಡಿ, ಕೋಲಿಗೆ ಒರಗಿ ನಿಲ್ಲಿ. ಪದೇ ಪದೇ ಕುಳಿತೆದ್ದರೆ ತೊಡೆ ಬಿಗಿದುಕೊಳ್ಳುತ್ತದೆ. ಬರೀ ನೀರನ್ನೇ ಕುಡಿಯುತ್ತ ಹೋಗದೆ ನಡುವೆ ಓ.ಆರ್.ಎಸ್. ನೀರೂ ಇರಲಿ.

ಜೊತೆಗಿರುವವರ ಮುಖ ನೋಡುತ್ತಿರಿ. ತಲೆಸುತ್ತು, ವಾಕರಿಕೆ, ಕಾಲು ಸೆಟೆತ ಬಂದರೆ ಅದು ಬಿಸಿಲಿನ ಬಳಲಿಕೆ. ನೆರಳಿನಲ್ಲಿ ಮಲಗಿಸಿ, ಕಾಲು ತುಸು ಎತ್ತರಿಸಿ, ಓ.ಆರ್.ಎಸ್. ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಇದಕ್ಕಿಂತ ಮುಂದಿನ ಹಂತ ಬಿಸಿಲಾಘಾತ. ಅದಕ್ಕೆ ಜೀವ ತೆಗೆಯುವ ಶಕ್ತಿಯಿದೆ. ಮೈ ಕಾದು ಸುಡುತ್ತಿರುತ್ತದೆ, ಮಾತು ಅಸಂಬದ್ಧವಾಗುತ್ತದೆ, ತಾನೆಲ್ಲಿದ್ದೇನೆ ಎಂಬುದು ತಿಳಿಯುವುದಿಲ್ಲ. ಬೆವರು ನಿಂತಿರಬಹುದು, ನಿಲ್ಲದೆಯೂ ಇರಬಹುದು. ಗೊಂದಲದ ಮಾತು ಶುರುವಾಯಿತೆಂದರೆ ಬೇರೆ ಲಕ್ಷಣಕ್ಕೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಸುರಿದು ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಒಬ್ಬರು ಮೇಲಕ್ಕೆ ಓಡಿ ಕೈಲಾಸದ್ವಾರದಲ್ಲಿರುವ ಸಿಬ್ಬಂದಿಗೆ ತಿಳಿಸಲಿ. ಫೋನ್ ಸಿಕ್ಕರೆ 108ಕ್ಕೆ ಕರೆ ಮಾಡಿ. "ದೇವರು ಮೈಮೇಲೆ ಬಂದಿದೆ" ಎಂದು ಸುತ್ತ ನಿಂತು ಕೈಮುಗಿಯುವವರಿದ್ದರೆ ಅವರನ್ನು ಬದಿಗೆ ಸರಿಸಿ ಗಾಳಿ ಆಡಲು ಬಿಡಿ.

ಯುಗಾದಿ ಮಾರ್ಚ್ ನಡುವಿನಲ್ಲಿ ಬಂದ ವರ್ಷ ಈ ಹತ್ತುವಿಕೆ ಸಹ್ಯ. ಏಪ್ರಿಲ್ ಎರಡನೇ ವಾರಕ್ಕೆ ಸರಿದ ವರ್ಷ ಇದೇ ಮೆಟ್ಟಿಲುಗಳು ಇನ್ನಷ್ಟು ಕಠಿಣ. ಕಳೆದ ವರ್ಷ ಸುಲಭವಾಗಿ ಹತ್ತಿದೆವು ಎಂಬ ಧೈರ್ಯದ ಮೇಲೆ ಹೊರಡಬೇಡಿ, ಆ ವರ್ಷದ ಪಂಚಾಂಗ ನೋಡಿ.

7. ಕೈಲಾಸದ್ವಾರದಿಂದ ಗುಡಿಯವರೆಗೆ

ಇಲ್ಲಿ ನೀರು, ಪ್ರಸಾದ, ಜನ ಎಲ್ಲ ಸಿಗುತ್ತದೆ. ತಂಡದವರೆಲ್ಲ ಬಂದಿದ್ದಾರೆಯೇ ಎಂದು ತಲೆ ಎಣಿಸಿದ ಮೇಲೆಯೇ ಮುಂದೆ ಹೊರಡಿ. ಎಲೆಯಲ್ಲಿ ಬಡಿಸಿಕೊಂಡದ್ದನ್ನು ಚೆಲ್ಲಬೇಡಿ. ಆ ಅನ್ನಕ್ಕೆ ಅಕ್ಕಿ, ಬೇಳೆ ನಮ್ಮೂರಿನಂಥ ಊರಿನಿಂದಲೇ ಲಾರಿಯಲ್ಲಿ ಬಂದಿರುತ್ತದೆ. ಹಸಿದವರು ಹಿಂದೆ ಇನ್ನೂ ಬರುತ್ತಿದ್ದಾರೆ.

ಮುಂದೆ ಹಾಟಕೇಶ್ವರದ ಬಳಿ ರಸ್ತೆ ಸೇರುತ್ತೀರಿ. ಕಾಡು ಮುಗಿಯಿತೆಂದು ಮೈಮರೆಯಬೇಡಿ, ಹಬ್ಬದ ವಾಹನಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಫಾಲಧಾರ–ಪಂಚಧಾರ ಎಂಬ ನೀರಿನ ಧಾರೆಗಳಿಗೆ ಅಲ್ಲಿಂದ ಮತ್ತೆ ಮೆಟ್ಟಿಲು ಇಳಿಯಬೇಕು. ಮಂಡಿ ದಣಿದಿದ್ದರೆ ಇವತ್ತು ಬೇಡ. ಸಾಕ್ಷಿ ಗಣಪತಿಗೆ ಮಾತ್ರ ಕೈಮುಗಿದೇ ಹೋಗಿ. ಯಾತ್ರೆಗೆ ಬಂದವರ ಹೆಸರು ಬರೆದುಕೊಂಡು ಶಿವನಿಗೆ ಸಾಕ್ಷಿ ಹೇಳುವವನು ಅವನೇ ಎಂಬ ನಂಬಿಕೆ.

8. ತಲುಪಿದ ಮೇಲೆ

ನೇರವಾಗಿ ಸಾಲಿಗೆ ನುಗ್ಗುವ ಆತುರ ಅರ್ಥವಾಗುತ್ತದೆ. ಆದರೂ ಮೊದಲು ತಿನ್ನಿ, ಒಂದು ಗಂಟೆ ಕಾಲು ಚಾಚಿ ಮಲಗಿ. ಯುಗಾದಿಯ ಸಾಲು ಗಂಟೆಗಟ್ಟಲೆ ಸಾಗುತ್ತದೆ. ಕಾಡಿನಲ್ಲಿ ಗಟ್ಟಿಯಾಗಿದ್ದವರು ಸಾಲಿನಲ್ಲಿ ತಲೆಸುತ್ತಿ ಬೀಳುವುದುಂಟು. ಗರ್ಭಗುಡಿಯೊಳಗೆ ಹೋಗಿ ಲಿಂಗವನ್ನು ಮುಟ್ಟಿ ನಮಸ್ಕರಿಸುವುದು ಸ್ಪರ್ಶ ದರ್ಶನ. ಹೊರಗಿನಿಂದ ನೋಡಿ ಕೈಮುಗಿಯುವುದು ಅಲಂಕಾರ ದರ್ಶನ. ಜನದಟ್ಟಣೆ ಹೆಚ್ಚಿರುವ ದಿನಗಳಲ್ಲಿ ಸ್ಪರ್ಶ ದರ್ಶನ ನಿಲ್ಲಿಸುತ್ತಾರೆ. ಯಾವ ದಿನ ಯಾವುದಿದೆ ಎಂದು ವಿಚಾರಣಾ ಕೇಂದ್ರದಲ್ಲಿ ಕೇಳಿಕೊಳ್ಳಿ. ಮಲ್ಲಯ್ಯನ ಮಡದಿ ಭ್ರಮರಾಂಬೆಯನ್ನು ಮನೆಮಗಳೆಂದು ಭಾವಿಸಿ ಸೀರೆ, ಕುಪ್ಪಸ ತಂದವರು ಅದನ್ನು ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಂಡರೆ ಸಾಲಿನಲ್ಲಿ ತಡಕಾಡುವುದು ತಪ್ಪುತ್ತದೆ.

ಪಾತಾಳಗಂಗೆಯ ಸ್ನಾನವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಕೃಷ್ಣೆಯವರೆಗೆ ಉದ್ದನೆಯ ಮೆಟ್ಟಿಲಿನ ಸಾಲಿದೆ, ಬೇಡವಾದರೆ ರೋಪ್‌ವೇ ಇದೆ. ಅಕ್ಕಮಹಾದೇವಿಯ ಗುಹೆಗೆ ಹೋಗುವ ದೋಣಿಗಳು ಹೊರಡುವುದೂ ಅಲ್ಲಿಂದಲೇ. ಊರಿಗೆ ಮರಳಲು ನಮ್ಮ ಸಾರಿಗೆ ನಿಗಮಗಳು ಯುಗಾದಿಗೆ ವಿಶೇಷ ಬಸ್ಸುಗಳನ್ನು ಬಿಡುತ್ತವೆ. ಹುಲಿ ಕಾಡಿನ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಬೆಳಗಿನ ಬಸ್ಸನ್ನೇ ಹಿಡಿಯಿರಿ. ಬಸ್ಸಿನಲ್ಲಿ ಎರಡು ಗಂಟೆಗೊಮ್ಮೆ ಎದ್ದು ನಿಂತು ಹಿಮ್ಮಡಿ ಎತ್ತಿ ಇಳಿಸಿ, ಇಲ್ಲದಿದ್ದರೆ ಊರಿನ ನಿಲ್ದಾಣದಲ್ಲಿ ಇಳಿಯುವಾಗ ಕಾಲು ಮಡಚಲು ಬರುವುದಿಲ್ಲ.